ಗೋಡೆಯಾಚೆಯ ಕುನ್ನಿ

ನಾನು ನಾಯಿ ಸಾಕಿದ್ದು ಪ್ರಾಣಿದಯೆಯಿಂದಲ್ಲ. ಅಷ್ಟು ಒಳ್ಳೆಯವಳು ನಾನಲ್ಲ. ತಾರಿಹಾಳದ ಕಾರ್ಖಾನೆಯಿಂದ ಸಂಜೆ ಬಂದು ಕೀಲಿ ತೆಗೆದಾಗ ಒಳಗೊಂದು ಜೀವ ಇರಲಿ, ನನ್ನ ಹೆಜ್ಜೆ ಸಪ್ಪಳ ಕೇಳಿ ಎದ್ದು ಬರಲಿ, ಇಷ್ಟೇ ನನ್ನ ಆಸೆ. ಅವ್ವ ಇದ್ದಾಗ ಆ ಕೆಲಸ ಅವಳದಾಗಿತ್ತು. ನಾನು ಚಪ್ಪಲಿ ಬಿಡುವ ಮೊದಲೇ ಒಳಗಿನಿಂದ "ಬಂದೇನವಾ?" ಅನ್ನುತ್ತಿದ್ದಳು. "ಇಲ್ಲ, ಇನ್ನೂ ದಾರ್ಯಾಗ ಅದೀನಿ" ಎಂದು ನಾನು ಸಿಡುಕುತ್ತಿದ್ದೆ. ಬಾಗಿಲಿಗೆ ಬಂದು ನಿಂತವಳನ್ನು ಬಂದೆಯಾ ಎಂದು ಕೇಳುವುದೇನು ಎಂದು ಸಿಟ್ಟು. ಅವಳು ಹೋದ ಮೇಲೆ, ಹಾಗೆ ಕೇಳುವವರಿಲ್ಲದ ಮನೆಯೊಳಗೆ ಕಾಲಿಡಲಾರದೆ ಎಷ್ಟೋ ಸಂಜೆ ಕಟ್ಟೆಯ ಮೇಲೇ ಕೂತಿದ್ದೇನೆ. ಮದುವೆಯ ಮಾತು ನನ್ನ ಬಾಯಿಗೆ ಹೆದರಿ ಓಡಿಹೋಗಿ ಬಹಳ ವರ್ಷಗಳಾಗಿದ್ದವು. ಒಡಹುಟ್ಟಿದವರೂ ಇಲ್ಲ.

ಕುನ್ನಿ ಹುಟ್ಟಿದ್ದು ಕಾರ್ಖಾನೆಯ ಕ್ಯಾಂಟೀನಿನ ಹಿಂದೆ. ಅದರ ತಾಯಿಯ ಮೇಲೆ ಗೇಟಿನ ಮುಂದೆ ಲಾರಿ ಹಾಯಿತು. ಉಳಿದ ಮರಿಗಳನ್ನು ಯಾರ್‍ಯಾರೋ ಒಯ್ದರು. ಕಡೆಗೆ ಉಳಿದ ಈ ಕಂದು ಬಣ್ಣದ ಬಡಕಲನ್ನು ನಾನು ಡಬ್ಬಿಯ ಚೀಲದಲ್ಲಿ ಹಾಕಿಕೊಂಡು ಕಂಪನಿಯ ಗಾಡಿಯಲ್ಲಿ ತಂದೆ. ದಾರಿಯುದ್ದಕ್ಕೂ ನನ್ನ ಬೆರಳು ಚೀಪುತ್ತ ಬಂತು. ಗಾಡಿಯಲ್ಲಿದ್ದವರೆಲ್ಲ ನಕ್ಕರು. ಬಹಳ ದಿನಗಳ ಮೇಲೆ ನಾನೂ ನಕ್ಕೆ.

ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಮನೆಗಳು ಒಂದರ ಬೆನ್ನಿಗೊಂದು ಒರಗಿ ನಿಂತಿವೆ. ನಮ್ಮದಂತೂ ಒಂದೇ ಮನೆ. ನಡುವೆ ಗೋಡೆ ಹಾಕಿ ಎರಡು ಮಾಡಿದ್ದು. ಆ ಕಡೆ ಒಗ್ಗರಣೆ ಹಾಕಿದರೆ ಈ ಕಡೆ ಸೀನು. ಆ ಕಡೆಯ ಮನೆಯಲ್ಲಿ ಗಂಡ ಹೆಂಡತಿ, ಜೊತೆಗೆ ಅವಳ ಮಾವ. ಒಂದು ಕಾಲಕ್ಕೆ ಅರಳೆ ವ್ಯಾಪಾರ ಮಾಡಿಕೊಂಡಿದ್ದ ಆ ಕಾಕಾ ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದರು. ಎಡಗೈ ಒಂದು ಆಡುತ್ತಿತ್ತು, ಮಾತು ಅರ್ಧಂಬರ್ಧ. ಮಗ ಬೆಳಿಗ್ಗೆಯೇ ಅಂಗಡಿಗೆ ಹೋದರೆ ಇಡೀ ದಿನ ಅವರನ್ನು ನೋಡಿಕೊಳ್ಳುವವಳು ಸೊಸೆ. ನನಗಿಂತ ಚಿಕ್ಕವಳು, ಮೆತ್ತಗಿನ ಹೆಣ್ಣುಮಗಳು.

ನನ್ನ ಮನೆಯ ಇನ್ನೊಂದು ಕೀಲಿಕೈ ಅವಳ ಹತ್ತಿರವೇ ಇರುತ್ತಿತ್ತು. ನಮ್ಮ ಊರಲ್ಲಿ ಅದು ರೂಢಿ. ನಳ ಯಾವಾಗ ಬರುತ್ತದೆ ಎಂಬುದು ಆ ನಳಕ್ಕೂ ಗೊತ್ತಿರುವುದಿಲ್ಲ. ವಾರಗಟ್ಟಲೆ ಕಾಯಿಸಿ ಒಂದು ದಿನ ನಾವು ಕೆಲಸಕ್ಕೆ ಹೋದಾಗ ಬಂದು ಹೋದರೆ ಮುಂದೆ ಗತಿಯೇನು? ಅದಕ್ಕೇ ದುಡಿಯಲು ಹೋಗುವವರು ಪಕ್ಕದ ಮನೆಗೆ ಕೀಲಿಕೈ ಕೊಟ್ಟಿರುತ್ತಾರೆ. ನೀರು ಬಂದರೆ ಅವರು ಒಳಗೆ ಹೋಗಿ ನಮ್ಮ ಕೊಡ, ಪೀಪಾಯಿ ತುಂಬಿಸಿ ಮತ್ತೆ ಕೀಲಿ ಹಾಕುತ್ತಾರೆ.

ಕುನ್ನಿ ಬಂದ ಮೊದಲ ವಾರವೇ ಅವಳು ಕಟ್ಟೆಯ ಹತ್ತಿರ ಬಂದು ನಿಂತಳು. ಸೆರಗಿನ ತುದಿ ಬೆರಳಿಗೆ ಸುತ್ತುತ್ತಿದ್ದಳು.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ. ನೀವು ಹೋದ್ರಿ ಅಂದ್ರ ನಿಮ್ಮ ಕುನ್ನಿ ಒಂದ ಸವನ ಅಳಾಕ ಹತ್ತತೈತಿ. ಸಂಜಿತನಾ ಬಿಡಂಗಿಲ್ಲ. ಊಳಿಡತೈತ್ರಿ."

"ಸಣ್ಣ ಮರಿ, ಅಳದ ಏನು ಭಜನಿ ಮಾಡತೈತಿ?"

"ಹಂಗಲ್ರಿ... ಮನ್ಯಾಗ ಮಾವಾರು ಹಿಂಗ ಮಲಗ್ಯಾರ. ನಾಯಿ ಅತ್ರ ಛಲೋ ಅಲ್ಲ ಅಂತಾರ. ಅದರ ಕಣ್ಣಿಗೆ ಯಮ ಕಾಣತಾನಂತ."

"ಕಾಣಲಿ ಬಿಡು. ನಾಯಿ ನಂದು, ಮನಿ ನಂದು. ನನ್ನ ಮನ್ಯಾಗ ಅದು ಅಳತೈತಿ, ನಗತೈತಿ. ನಿನಗ್ಯಾಕ ಬೇಕು?"

ಅವಳು ಒಳಗೆ ಹೋಗಿ ಮೆಲ್ಲಗೆ ಬಾಗಿಲು ಮುಂದೆ ಮಾಡಿಕೊಂಡಳು.

ಬಾಯಿಯಲ್ಲಿ ಏನೇ ಅಂದರೂ ನನಗೂ ಅದರದೇ ಚಿಂತೆ. ಕಾರ್ಖಾನೆಯಲ್ಲಿ ನನ್ನ ಕೆಲಸ, ತಯಾರಾದ ವಾಲ್ವುಗಳನ್ನು ಅಳತೆಗೆ ಹಿಡಿದು ನೋಡುವುದು. ಕೈ ಅದನ್ನು ಮಾಡುತ್ತಿದ್ದರೆ ಕಿವಿಯಲ್ಲಿ ಅದೇ ಅಳು. ಊಟದ ಬಿಡುವಿನಲ್ಲಿ ಓಡಿ ಬಂದು ಹೋಗುವಷ್ಟು ಹತ್ತಿರದ ಜಾಗವಲ್ಲ. ರಜೆ ಕೇಳಿದರೆ "ಏನ್ ಮೇಡಂ, ನಾಯಿ ಬಾಣಂತನ ಏನು?" ಎಂದು ಸೂಪರವೈಜರ್ ಹಲ್ಲು ಕಿರಿದ. ಬೆಳಿಗ್ಗೆ ಹಾಲಿನಲ್ಲಿ ರೊಟ್ಟಿ ನೆನೆಸಿಟ್ಟೆ. ರೇಡಿಯೋ ಹಚ್ಚಿಟ್ಟು ಹೋದೆ. ದನದ ದವಾಖಾನೆಗೆ ಒಯ್ದು ಸೂಜಿ ಹಾಕಿಸಿದೆ. ಅಲ್ಲಿನ ಡಾಕ್ಟರು, "ಒಬ್ಬಂಟಿ ಆಗತೈತಿ ಅದಕ್ಕ. ಮನಿಯವರು ಉಟ್ಟ ಬಟ್ಟಿ ಏನಾರ ಹಾಸ್ರಿ, ವಾಸನಿಗೆ ಸುಮ್ನಾಗತೈತಿ" ಅಂದರು.

ಟ್ರಂಕಿನಲ್ಲಿ ಅವ್ವನ ಹಳೆಯ ಇಳಕಲ್ ಸೀರೆಯೊಂದಿತ್ತು. ಒಗೆಯದೆ ಇಟ್ಟಿದ್ದೆ. ಯಾಕೆ ಎಂದು ಯಾರಿಗೂ ಹೇಳಿರಲಿಲ್ಲ. ಮುಖ ಮುಚ್ಚಿಕೊಂಡರೆ ಇನ್ನೂ ಅವಳಿದ್ದಳು. ಒಂದು ಬೆಳಿಗ್ಗೆ ಗಟ್ಟಿ ಮನಸ್ಸು ಮಾಡಿ ಅದನ್ನು ನಾಲ್ಕು ಮಡಿಕೆ ಮಾಡಿ ಕುನ್ನಿಗೆ ಹಾಸಿದೆ.

ಆಮೇಲೆ ಅಳುವಿನ ಸುದ್ದಿಯೇ ಇಲ್ಲ. ಪಕ್ಕದವಳ ದೂರಿಲ್ಲ, ಎದುರು ಮನೆಯವರ ಗೊಣಗಾಟವಿಲ್ಲ. "ಈಗ ಸುಮ್ನಿರತೈತೇನು?" ಎಂದು ನಾನೇ ಒಮ್ಮೆ ಕೇಳಿದರೆ ಅವಳು ತಲೆ ಬಗ್ಗಿಸಿ "ಹೂನ್ರಿ ಅಕ್ಕಾರ" ಅಂದಳು. ನನಗೆ ಸಂಭ್ರಮವೋ ಸಂಭ್ರಮ. ಕ್ಯಾಂಟೀನಿನಲ್ಲಿ ಕಂಡಕಂಡವರ ಮುಂದೆ ಹೇಳಿದೆ: ನಮ್ಮವ್ವ ಸತ್ತ ಮೇಲೂ ಮನೆ ಕಾಯುತ್ತಾಳೆ, ಕುನ್ನಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿರುತ್ತಾಳೆ. ಹೇಳುತ್ತ ಹೇಳುತ್ತ ನಾನೇ ಅದನ್ನು ನಂಬಿದೆ. ಸಂಜೆ ಕೀಲಿ ತೆಗೆಯುವಾಗ ಈಗ ಕೈ ತಡೆಯುತ್ತಿರಲಿಲ್ಲ.

ಕಾಣಬೇಕಾದ್ದು ಕಣ್ಣ ಮುಂದೆಯೇ ಇತ್ತು. ಕುನ್ನಿ ನನ್ನನ್ನು ನೋಡಿ ಬಾಲ ಆಡಿಸಿ, ಒಂದು ಸುತ್ತು ಮೂಸಿ, ನಡುಗೋಡೆಯ ಬುಡಕ್ಕೆ ಹೋಗಿ ಮಲಗಿಬಿಡುತ್ತಿತ್ತು. ಸಂಜೆಯ ಹಾಲು ಅರ್ಧ ಬಿಡುತ್ತಿತ್ತು. ಎಷ್ಟೋ ಸಲ ಅದರ ಹಣೆಯ ಮೇಲೆ ಬೆಳ್ಳಗೆ ಏನೋ ಹತ್ತಿರುತ್ತಿತ್ತು. ಗೋಡೆಯ ಸುಣ್ಣ ಎಂದುಕೊಂಡು ಒರೆಸುತ್ತಿದ್ದೆ. ಮಳೆಗಾಲ ಕಳೆದ ಮೇಲೆ ಗೋಡೆಗೆ ಸುಣ್ಣ ಬಳಿಸಬೇಕು ಎಂದೂ ಲೆಕ್ಕ ಹಾಕಿದ್ದೆ.

ಆ ದಿನ ಗಾಡಿ ಇಳಿದು ಓಣಿಯ ತಿರುವಿಗೆ ಬರುವಾಗಲೇ ಭಜನೆ ಕೇಳಿಸಿತು. ಪಕ್ಕದ ಮನೆಯ ಮುಂದೆ ಜನ, ಸಾಲು ಕುರ್ಚಿ. ಕಾಕಾ ಹೋಗಿದ್ದರು. ಅವರ ಮನೆತನದಲ್ಲಿ ಹೋದವರನ್ನು ಮಲಗಿಸುವುದಿಲ್ಲ; ಹಣೆ ತುಂಬ ವಿಭೂತಿ ಹಚ್ಚಿ, ಹೂವು ಹಾಕಿ, ಗೋಡೆಗೆ ಆನಿಸಿ ಕೂಡಿಸುತ್ತಾರೆ. ಲಕ್ವಾ ಹೊಡೆದ ಮೇಲೆ ಅವರು ನೆಟ್ಟಗೆ ಕೂತದ್ದನ್ನು ನಾನು ನೋಡಿದ್ದು ಅವತ್ತೇ.

ಚೀಲ ಇಟ್ಟು ಬರೋಣವೆಂದು ನನ್ನ ಮನೆಯ ಕೀಲಿ ತೆಗೆದೆ. ಕುನ್ನಿ ಇರಲಿಲ್ಲ. ಮಂಚದ ಕೆಳಗೆ ಇಲ್ಲ, ಬಚ್ಚಲಲ್ಲಿ ಇಲ್ಲ. ಬಾಗಿಲಿಗೆ ಕೀಲಿ ಹಾಕಿದ್ದು ಹಾಕಿದಂತೆಯೇ ಇತ್ತು. ಅವ್ವನ ಸೀರೆ ಬೆಳಿಗ್ಗೆ ನಾನು ಮಡಿಸಿಟ್ಟ ಹಾಗೇ ಇತ್ತು. ಅದರ ಮೇಲೆ ಒಂದು ಕೂದಲೂ ಇರಲಿಲ್ಲ.

ಹಿಂದೆ ಯಾರೋ ನಿಂತಂತಾಯಿತು. ಸೊಸೆ. ಅತ್ತು ಅತ್ತು ಮುಖ ಬಾತಿತ್ತು.

"ನಮ್ಮ ಮನ್ಯಾಗ ಐತ್ರಿ ಅಕ್ಕಾರ. ಮಾವಾರ ಮಂಚದ ಬುಡಕ. ಬಾ ಅಂದ್ರ ಬರವಲ್ದು."

"ನಿನ್ನ ಮನ್ಯಾಗ? ಯಾವಾಗಿಂದ?"

"ನೀವು ಬೈದ ಮರುದಿನದಿಂದ." ಅವಳು ನನ್ನ ಮುಖ ನೋಡಲಿಲ್ಲ. "ನೀರಿನ ಕೀಲಿಕೈ ನನ್ನ ಕಡೆ ಇತ್ತಲ್ರಿ. ಅಂಜಿಕಿ ಆಗಿ ಕರಕೊಂಡ ಬಂದೆ. ಅದು ಅಳೂದು ನಿಂತ್ರ ಮಾವಾರು ಉಳೀತಾರ ಅಂತ. ನಿಮ್ಮ ಗಾಡಿ ಬರೂ ಹೊತ್ತಿಗೆ ಒಯ್ದು ಬಿಡತಿದ್ದೆ. ನಿಮಗ ಹೇಳಾಕ ಧೈರ್ಯ ಸಾಲಲಿಲ್ಲ. ಮಾವಾರು ಅದನ್ನ ತಮ್ಮಾ, ತಮ್ಮಾ ಅಂತಿದ್ರು. ಬ್ಯಾರೆ ಮಾತು ತೊದಲತಿದ್ವು, ಅದೊಂದು ಮಾತ್ರ ಸ್ವಚ್ಛ ಬರತಿತ್ತು. ವಿಭೂತಿ ಹಚ್ಚಿದ ಕೈಲೆ ಅದರ ತಲಿ ಸವರತಿದ್ರು."

ಸೆರಗಿನಿಂದ ಮೂಗೊರೆಸಿಕೊಂಡು ಅಂದಳು: "ನಾನು ದಿನಾ ಕಿವಿಗೊಟ್ಟು ಕೂಡತಿದ್ದೆ. ಇವತ್ತೂ ಅದು ಅಳಲಿಲ್ರಿ. ಒಂದ ಸಣ್ಣ ದನೀನೂ ತಗೀಲಿಲ್ಲ. ಮಾವಾರ ಕೈ ತಣ್ಣಗಾದ್ರೂ ಅದರ ಬುಡಕ ತಲಿ ಇಟ್ಕೊಂಡ ಮಲಗಿತ್ತು."

ಅವಳ ಮನೆಯೊಳಗೆ ಹೋದೆ. ಮಂಚದ ಕೆಳಗೆ ಬಗ್ಗಿ "ಬಾರಲೇ" ಎಂದು ಕೈ ಚಾಚಿದೆ. ಕುನ್ನಿ ನನ್ನನ್ನು ನೋಡಿ ಇನ್ನಷ್ಟು ಹಿಂದಕ್ಕೆ ಸರಿಯಿತು. ಅದರ ಹಣೆಯ ಮೇಲೆ ಬೆಳ್ಳಗೆ ಮೂರು ಬೆರಳಿನ ಗುರುತಿತ್ತು. ಸುಳ್ಳು ಯಾಕೆ ಹೇಳಲಿ. ಗೋಡೆಗೆ ಒರಗಿ ಕೂತ ಆ ಬಡಪಾಯಿ ಹೆಣದ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ನಿನಗೆ ಸೊಸೆ ಇದ್ದಳು, ಮಗ ಇದ್ದ, ನನಗಿದ್ದದ್ದು ಇದೊಂದೇ ಅಲ್ಲವೇ ಎಂದು ಕೇಳಬೇಕೆನಿಸಿತು. ಆಮೇಲೆ ಅವ್ವ ನೆನಪಾದಳು. ಅವಳೂ ಕುನ್ನಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿರಲಿಲ್ಲ. ನನ್ನ ಮನೆ ಇಷ್ಟು ದಿನವೂ ಬರಿದೇ ಇತ್ತು. ಭಜನೆಯವರ ನಡುವೆ ಕೂತು ನಾನು ಗಟ್ಟಿಯಾಗಿ ಅತ್ತೆ. ಕಾಕಾಗಾಗಿ ಎಂದುಕೊಂಡು ಹೆಂಗಸರು ಬೆನ್ನು ಸವರಿದರು.

ಮರುದಿನ ಮಣ್ಣು ಕೊಟ್ಟು ಬಂದರು. ಮಂಚ ಬಿಚ್ಚಿ ಅಟ್ಟಕ್ಕೆ ಹಾಕಿದರು, ಮನೆ ತೊಳೆದರು. ಕುನ್ನಿಯನ್ನು ನೀನೇ ಇಟ್ಟುಕೋ ಎಂದು ನಾನೇ ಸೊಸೆಗೆ ಹೇಳಿ ನೋಡಿದೆ. "ಬ್ಯಾಡ್ರಿ ಅಕ್ಕಾರ. ಅದನ್ನ ನೋಡಿದ್ರ ಮಾವಾರ ಕೈ ನೆನಪಾಗತೈತಿ" ಅಂದಳು.

ಈಗ ಅದು ನನ್ನ ಮನೆಯಲ್ಲೇ ಇದೆ. ಅಳುವುದಿಲ್ಲ. ಸಂಜೆ ಓಣಿಯಲ್ಲಿ ಸಪ್ಪಳವಾದರೆ ಕಿವಿ ನೆಟ್ಟಗೆ ಮಾಡಿ ಬಾಗಿಲಿಗೆ ಬರುತ್ತದೆ. ನಾನು ಎಂದು ಗೊತ್ತಾದ ಮೇಲೆ ಕಿವಿ ಇಳಿಯುತ್ತವೆ. ತಿರುಗಿ ನಡುಗೋಡೆಯ ಬುಡಕ್ಕೆ ಹೋಗಿ ಮಲಗುತ್ತದೆ. ಅದರ ಮೇಲೆ ನನಗೆ ಸಿಟ್ಟಿಲ್ಲ. ಈ ಕುನ್ನಿ ಬಂದಾಗ ನಾನು ಬಯಸಿದ್ದೂ ಅವ್ವನ ದನಿಯನ್ನಲ್ಲವೇ.

ನಿನ್ನೆ ಚಪ್ಪಲಿ ಬಿಟ್ಟು, ದೀಪ ಹಚ್ಚದೆ ಅದರ ಪಕ್ಕ ಕೂತೆ. "ತಮ್ಮಾ" ಎಂದು ಕರೆದೆ. ತಟ್ಟನೆ ತಲೆ ಎತ್ತಿತು. ನನ್ನ ಕಡೆಗಲ್ಲ, ಗೋಡೆಯ ಕಡೆಗೆ.