ಬಂಗಲೆ ಹಿತ್ತಿಲ ಬಾಟಲಿಗಳು

ನಾನು ಬೈಂದೂರಿನ ಕಡಲ ಕರೆಯಿಂದ ಮದುವೆಯಾಗಿ ಹಂಗಾರಕಟ್ಟೆಗೆ ಬಂದ ಹೊಸತರಲ್ಲಿ ಅತ್ತೆಗೂ ನನಗೂ ಎಣ್ಣೆ ಸೀಗೆಕಾಯಿ. ಸಾರಿಗೆ ಹುಳಿ ಹೆಚ್ಚಾಯಿತು, ಅಂಗಳದ ಮೂಲೆಯಲ್ಲಿ ಕಸ ಉಳಿಯಿತು, ತಲೆ ಬಾಚಲಿಕ್ಕೆ ಇಷ್ಟು ಹೊತ್ತೇಕೆ, ಬೆಳಗಾದರೆ ಇದೇ ರಾಗ. ನಾನೂ ಸುಮ್ಮನೆ ಕೇಳಿಸಿಕೊಳ್ಳುವ ಜಾತಿಯವಳಲ್ಲ. ಗಂಡ ಮಂಜಿಯಲ್ಲಿ ಕೆಲಸಕ್ಕಿದ್ದರು. ಮಂಜಿಯೆಂದರೆ ನಮ್ಮ ಬಂದರಿನಿಂದ ಹೆಂಚು ಹೇರಿಕೊಂಡು ಮುಂಬೈ ಕಡೆಗೆ ಹೋಗುವ ಹಾಯಿಹಡಗು. ಮಳೆಗಾಲದಲ್ಲಿ ಮಾತ್ರ ಅವರಿಗೆ ಮನೆಯ ಊಟ, ಉಳಿದ ತಿಂಗಳೆಲ್ಲ ಒಂದೇ ಸೂರಿನಡಿ ನಾವಿಬ್ಬರು ಹೆಂಗಸರು.

ನಾವಿಬ್ಬರೂ ಒಪ್ಪುವ ವಿಷಯ ಒಂದೇ ಒಂದಿತ್ತು. ಆ ವರ್ಷ ಮಂಜಿ ನಡೆಸುವ ಹಳೆಯ ತಂಡೇಲರು ಕಣ್ಣು ಮಂಜಾಯಿತೆಂದು ಚುಕ್ಕಾಣಿ ಬಿಡುವುದರಲ್ಲಿದ್ದರು. ಅವರ ಜಾಗಕ್ಕೆ ಯಾರು ಎಂದು ಮಂಜಿಯ ಒಡೆಯರಾದ ಸಾಹುಕಾರರು ಇನ್ನೂ ಬಾಯಿ ಬಿಟ್ಟಿರಲಿಲ್ಲ, ಆದರೆ ನಮ್ಮವರ ಹೆಸರು ಬಂದರಿನ ದಕ್ಕೆಯ ತುಂಬ ಓಡಾಡುತ್ತಿತ್ತು. ನನ್ನ ಮಾವ ಜೀವಮಾನವಿಡೀ ಹಗ್ಗ ಎಳೆದು, ಹಾಯಿ ಹೊಲಿದು, ಮಂಜಿಯ ನೀರು ಮೊಗೆದು ಸತ್ತವರು. ಅವರಿಗಿಂತ ಚಿಕ್ಕವರೆಲ್ಲ ತಂಡೇಲರಾದರೂ ಅವರ ಕೈಗೆ ಚುಕ್ಕಾಣಿ ಬರಲಿಲ್ಲ. ಅತ್ತೆ ಆ ಸಂಕಟವನ್ನು ಮರೆತಿರಲಿಲ್ಲ. ಮಗನಾದರೂ ತಂಡೇಲನಾಗಬೇಕು, ಅದನ್ನು ಕಂಡೇ ತಾನು ಕಣ್ಣು ಮುಚ್ಚಬೇಕು ಎಂಬುದು ಅವರ ಒಂದೇ ಹಟ. ನನಗೂ ತಂಡೇಲರ ಹೆಂಡತಿ ಅನ್ನಿಸಿಕೊಳ್ಳುವ ಆಸೆ ಇರಲಿಲ್ಲವೆಂದು ಹೇಳಿದರೆ ಸುಳ್ಳಾದೀತು.

ಇಳಿತದ ಹೊತ್ತಿಗೆ ನಾವು ಹೊಳೆಯ ದಂಡೆಗೆ ಚಿಪ್ಪು ತೆಗೆಯಲು ಹೋಗುತ್ತಿದ್ದೆವು. ಒಳಗಿನ ಮಾಂಸ ಪದಾರ್ಥಕ್ಕೆ, ಚಿಪ್ಪು ಸುಣ್ಣದ ಗೂಡಿಗೆ. ದಂಡೆಯ ಒಂದು ಕಡೆ ಬಿಳಿಯರ ಕಾಲದ ಬಂಗಲೆಯೊಂದು ಮಾಡು ಕುಸಿದು ಬಿದ್ದಿತ್ತು. ಹಿಂದೆ ಬಂದರಿನ ವ್ಯಾಪಾರ ನೋಡಿಕೊಳ್ಳುವ ದೊರೆಗಳು ಅಲ್ಲಿ ಇದ್ದರಂತೆ. ಅದರ ಹಿತ್ತಿಲಲ್ಲಿ ಮುಂಡುಕದ ಪೊದೆ ಬೆಳೆದ ಒಂದು ದಿಬ್ಬ, ಯಾರೂ ಅತ್ತ ಸುಳಿಯುತ್ತಿರಲಿಲ್ಲ. ಹಿಂದಿನ ಮಳೆಗಾಲದ ನೆರೆ ಆ ದಿಬ್ಬದ ಹೊಳೆಬದಿಯನ್ನು ಕೊರೆದು ಹಾಕಿತ್ತು. ಒಂದು ದಿನ ಅತ್ತೆ ಅದರ ಬುಡದಲ್ಲಿ ಚಿಪ್ಪಿಗೆ ಹಾರೆ ಹಾಕಿದಾಗ ‘ಟಿಣ್’ ಎಂದು ಸದ್ದಾಯಿತು. ಕಲ್ಲಿನ ಸದ್ದಲ್ಲ. ಇಬ್ಬರೂ ಬಗ್ಗಿ ನೋಡಿದೆವು. ಕೈಯಲ್ಲಿ ಮಣ್ಣು ಗೋರಿದಷ್ಟೂ ದಪ್ಪ ಗಾಜಿನ ಒಂದು ಕುತ್ತಿಗೆ, ಆಮೇಲೆ ಹೆಗಲು, ಆಮೇಲೆ ಹೊಟ್ಟೆ ಮೇಲೆ ಬಂತು. ಅತ್ತೆ ಅದನ್ನು ಹೊಳೆಯಲ್ಲಿ ಅದ್ದಿ ಬಿಸಿಲಿಗೆ ಹಿಡಿದರು. ಕಪ್ಪು ಅಂದುಕೊಂಡ ಗಾಜು ಗಾಢ ಹಸಿರಾಗಿ ಬೆಳಗಿತು. ನನ್ನ ಎದೆ ಹೇಗೆ ಹೊಡೆದುಕೊಂಡಿತೆಂದರೆ, ಮದುವೆಯ ದಿನವೂ ಹಾಗೆ ಹೊಡೆದುಕೊಂಡಿರಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ. ಚಿಪ್ಪಿನ ಬುಟ್ಟಿ ನೆಪಕ್ಕೆ ಮಾತ್ರ. ಇಳಿತ ಯಾವಾಗ ಎಂದು ಕಾಯುವುದು, ನೀರು ಸರಿದ ಕೂಡಲೇ ದಿಬ್ಬಕ್ಕೆ ಓಡುವುದು. ಮೇಲೆ ಎಲೆಗೊಬ್ಬರದ ಮಣ್ಣು, ಅದರ ಕೆಳಗೆ ಒಲೆಯ ಬೂದಿ ಬಿದ್ದು ಕಪ್ಪಾದ ಪದರ, ಪಿಂಗಾಣಿಯ ಚೂರು, ದೊರೆಗಳು ತಿಂದೆಸೆದ ಎಲುಬು. ಬೂದಿಯ ಪದರ ಸಿಕ್ಕಿತೆಂದರೆ ಹಾರೆ ಬಿಟ್ಟು ತೆಂಗಿನ ಗೆರಟೆ ಹಿಡಿಯಬೇಕು. ಗೆರಟೆಗೆ ಗಾಜು ತಾಗಿತೆಂದರೆ ಗೆರಟೆಯನ್ನೂ ಬಿಟ್ಟು ಬೆರಳಲ್ಲೇ ಕೆದಕಬೇಕು. ಮೊದಲು ಯಾರ ಕೈ ತಾಗಿತೋ ಅವರೇ ಅದನ್ನು ಎಳೆಯುವುದು, ಇದು ನಮ್ಮಿಬ್ಬರ ನಡುವೆ ಯಾರೂ ಹೇಳದೆ ಆದ ಕರಾರು. ಅತ್ತೆ ಆ ಕರಾರನ್ನು ಮುರಿಯಲು ನೋಡಿದ್ದೂ ಉಂಟು. ನನ್ನ ಬೆರಳು ಇರುವಲ್ಲಿಗೇ ತಮ್ಮ ಬೆರಳು ತೂರಿಸಿ, ಇದು ತನಗೆ ಆಗಲೇ ಸಿಕ್ಕಿತ್ತೆಂದು ವಾದಕ್ಕೆ ನಿಲ್ಲುತ್ತಿದ್ದರು. ಅರ್ಧ ಬಾಟಲಿ ಮಣ್ಣಿನೊಳಗಿರುವಾಗಲೇ ನಾವು ಜಗಳವಾಡಿ, ಅದು ಪೂರ್ತಿ ಹೊರಬಂದಾಗ ಜಗಳ ಮರೆತು ಬಾಯಿ ತೆರೆದು ನೋಡುತ್ತ ಕೂರುತ್ತಿದ್ದೆವು.

ಎಷ್ಟು ಬಗೆಯವು ಸಿಕ್ಕವು! ಬುಡ ಸಪೂರ, ಹೆಗಲು ಅಗಲವಾದ ಚೌಕ ಬಾಟಲಿ. ಗೋಲಿ ಒಳಗೇ ಗಲಗಲ ಎನ್ನುವ ಸೋಡಾ ಬಾಟಲಿ. ಬೆರಳುದ್ದದ ಕಡು ನೀಲಿಯದು, ಅದನ್ನು ಬೆಳಕಿಗೆ ಹಿಡಿದರೆ ಹೊಳೆ, ತೆಂಗಿನ ಮರ, ಅತ್ತೆಯ ಮೂಗು ಎಲ್ಲ ನೀಲಿ. ಒಂದು ದಿನ ತಳವೇ ಇಲ್ಲದ್ದೊಂದು ಬಂತು. ಒಡೆದದ್ದಲ್ಲ, ಮಾಡಿದ್ದೇ ಹಾಗೆ, ಬುಡ ಮೊಟ್ಟೆಯ ಹಾಗೆ ಗುಂಡಗೆ. ಇಟ್ಟರೆ ಉರುಳುತ್ತದೆ, ನಿಲ್ಲಿಸಿದರೆ ಬೀಳುತ್ತದೆ. ಅತ್ತೆ ಅದನ್ನು ಮರಳಲ್ಲಿ ನಿಲ್ಲಿಸಲು ನೋಡಿ ನೋಡಿ ಸೋತರು.

“ಕೂತ್ಕಂಬುಕೆ ಬಾರದ್ ಬಾಟ್ಲಿ ಮಾಡ್ದವ ಎಂತ ಮನ್ಶ್ಯ ಹೆಣೆ?” ಎಂದು ಅವರು ಕೇಳಿದ ರೀತಿಗೆ ನಾನು ನಕ್ಕೆ. ಅವರೂ ನಕ್ಕರು. ಮದುವೆಯಾಗಿ ಬಂದ ಮೇಲೆ ಇಬ್ಬರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು. ಮರುದಿನ ಸಾರಿನ ಹುಳಿಯ ಸುದ್ದಿ ಬರಲಿಲ್ಲ.

ಮನೆಗೆ ತಂದು ತೊಳೆಯುವುದು ಇನ್ನೊಂದು ಸಂಭ್ರಮ. ಒಳಗೆ ಮರಳು, ಸಣ್ಣ ಹರಳು, ಹುಣಸೆ ನೀರು ಹಾಕಿ ಕುಲುಕಬೇಕು, ಹೊರಗೆ ತೆಂಗಿನ ನಾರಿನಲ್ಲಿ ತಿಕ್ಕಬೇಕು. ಕೆಲವಕ್ಕೆ ಮಣ್ಣಿನಲ್ಲಿ ಇದ್ದೂ ಇದ್ದೂ ಮೀನಿನ ಪೊರೆಯಂಥ ಬಣ್ಣಬಣ್ಣದ ಪದರ ಬಂದಿರುತ್ತಿತ್ತು. ಅತ್ತೆ ಅದನ್ನು ಕೊಳೆಯೆಂದು ತಿಳಿದು ಉಜ್ಜಿ ಉಜ್ಜಿ ತೆಗೆದುಬಿಡುತ್ತಿದ್ದರು. ಆಮೇಲೆ ಜಗಲಿಯ ದಂಡೆಯ ಮೇಲೆ ಸಾಲಾಗಿ ಜೋಡಣೆ. ಆ ಕಾಲದಲ್ಲಿ ಆಸ್ಪತ್ರೆಗೆ ಹೋದರೆ ಕಂಪೌಂಡರು ಮದ್ದು ಹಾಕಲು ಬಾಟಲಿ ತಂದಿದ್ದೀರಾ ಎಂದು ಕೇಳುತ್ತಿದ್ದರು, ಹಾಗಾಗಿ ನೆರೆಕರೆಯವರಿಗೆ ಒಂದೆರಡು ಕೊಟ್ಟೆವು. ಅದೂ ಒಡೆದ ಬಾಯಿಯವು. ಚೆಂದದ್ದನ್ನು ಕೇಳಿದರೆ ಅತ್ತೆಗೆ ಕಿವಿ ಕೇಳಿಸುತ್ತಿರಲಿಲ್ಲ. ಇಷ್ಟೆಲ್ಲ ಯಾಕೆ ಎಂದು ಕೇಳಿದರೆ? ಬೇಕಿತ್ತು, ಅಷ್ಟೇ. ಸಾಯಂಕಾಲ ಬಿಸಿಲು ಓರೆಯಾಗಿ ಆ ಸಾಲಿನ ಮೇಲೆ ಬಿದ್ದಾಗ ನಮ್ಮ ಸಗಣಿ ಸಾರಿಸಿದ ನೆಲದ ಮೇಲೆ ಹಸಿರು, ನೀಲಿ, ಜೇನಿನ ಬಣ್ಣದ ಬೆಳಕು ಹರಡುತ್ತಿತ್ತು. ನಾವಿಬ್ಬರೂ ಕೆಲಸ ಬಿಟ್ಟು ನೋಡುತ್ತಿದ್ದೆವು.

ಅವು ಏನು ತುಂಬಿದ್ದ ಬಾಟಲಿಗಳೆಂದು ನಮಗೆ ತೋಚಲೇ ಇಲ್ಲ. ನಾವು ಕಂಡ ಹೆಂಡವೆಲ್ಲ ಮಡಕೆಯದು. ನಮ್ಮ ಜಿಲ್ಲೆಯಲ್ಲಿ ಆಗ ಪಾನನಿರೋಧ, ಆ ಮಡಕೆಯೂ ಕದ್ದುಮುಚ್ಚಿ. ಗೋವೆಯಲ್ಲಿ ಇನ್ನೂ ಪೋರ್ಚುಗೀಸರಿದ್ದರು, ಅಲ್ಲಿಂದ ವಿಲಾಯತಿ ಬಾಟಲಿಗಳು ಮಂಜಿಗಳ ಹೊಟ್ಟೆಯಲ್ಲಿ ಅಡಗಿ ಬರುತ್ತವೆಂದು ಪೊಲೀಸರಿಗೆ ಸದಾ ಗುಮಾನಿ. ಸಿಕ್ಕಿಬಿದ್ದರೆ ಮಂಜಿಯೇ ಜಪ್ತಿ. ಇದೆಲ್ಲ ನಮಗೆ ಗೊತ್ತಿದ್ದ ಸಂಗತಿಯೇ. ಆದರೆ ಅದಕ್ಕೂ ನಮ್ಮ ಜಗಲಿಗೂ ಸಂಬಂಧ ಕಟ್ಟುವ ಬುದ್ಧಿ ಇಬ್ಬರಲ್ಲಿ ಒಬ್ಬರಿಗೂ ಬರಲಿಲ್ಲ.

ಬೇಸಗೆಯ ಒಂದು ಬೆಳಿಗ್ಗೆ ಸಾಹುಕಾರರೇ ನಮ್ಮ ಅಂಗಳಕ್ಕೆ ಬಂದರು. ಅವರು ಹಾಗೆಲ್ಲ ಯಾರ ಮನೆಗೂ ಬರುವವರಲ್ಲ. ತಂಡೇಲರ ಸುದ್ದಿ ಹೇಳಲಿಕ್ಕೇ ಬಂದರೆಂದು ನಾನು ಮಣೆ ಹಾಕಿ, ನೀರು ಬೆಲ್ಲ ತರಲು ಒಳಗೆ ಓಡಿದೆ. ತಂದು ನೋಡುತ್ತೇನೆ, ಅವರು ಕೂತೇ ಇಲ್ಲ. ಜಗಲಿಯ ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿ, ನೀರನ್ನೂ ಮುಟ್ಟದೆ ಹೊರಟುಹೋದರು. ಆಗ ಮೊದಲ ಬಾರಿಗೆ ಅತ್ತೆಯ ಮುಖ ಬಾಡಿತು. ಮಂಜಿಯವನ ಮನೆಯಲ್ಲಿ ಸಾಲುಸಾಲು ವಿಲಾಯತಿ ಬಾಟಲಿ! ಚುಕ್ಕಾಣಿ ಕೈಗೆ ಬರುವ ಹೊತ್ತಿಗೆ ನಾವೇ ಅದನ್ನು ಹೊಳೆಗೆ ಎಸೆದಂತಾಗಿತ್ತು.

ಎರಡು ದಿನ ಬಿಟ್ಟು ಬ್ರಹ್ಮಾವರದಿಂದ ಒಬ್ಬರು ಪೊಲೀಸಿನವರು ಬಂದರು. ತನ್ನ ಮಂಜಿಗೆ ಕುತ್ತು ಬರಬಾರದೆಂದು ಸಾಹುಕಾರರೇ ಹೇಳಿಕಳಿಸಿದ್ದಂತೆ. ಖಾಕಿ ಚಡ್ಡಿ, ದಪ್ಪ ಬೂಟು, ಬೆವರಿ ಕೆಂಪಾದ ಮುಖ. ಗಂಡ ಯಾವ ಊರಿಗೆಲ್ಲ ಹೋಗುತ್ತಾರೆ, ಗೋವೆಯಲ್ಲಿ ಮಂಜಿ ನಿಲ್ಲುತ್ತದೆಯೇ ಎಂದೆಲ್ಲ ಕೇಳಿದರು. ಒಂದೊಂದೇ ಬಾಟಲಿ ಎತ್ತಿ ಮೂಸಿದರು. ಮಣ್ಣಿನಲ್ಲಿ ಸಿಕ್ಕಿದ್ದೆಂದರೆ ನಂಬಲಿಲ್ಲ. ನಂಬುವುದಾದರೂ ಹೇಗೆ? ಮಣ್ಣಿನ ಒಂದು ಕಣವಿಲ್ಲದಂತೆ, ನಿನ್ನೆ ಅಂಗಡಿಯಿಂದ ತಂದ ಹಾಗೆ ತೊಳೆದಿಟ್ಟಿದ್ದೆವಲ್ಲ! ಅತ್ತೆಯ ಹುಣಸೆ ನೀರೇ ನಮಗೆ ಮುಳುವಾಗಿತ್ತು. ಅತ್ತೆ ಮೂಲೆಯಲ್ಲಿದ್ದ ಹಾರೆ ತಂದು ಅವರ ಮುಂದೆ ಹಿಡಿದರು.

“ಬನ್ನಿ, ನೀವೇ ಅಗ್ದ್ ಕಾಣಿ.”

ಅವರು ಬರಲಾರರೆಂದು ನಾನಂದುಕೊಂಡಿದ್ದೆ. ಬಂದರು. ದಿಬ್ಬದ ಬುಡದಲ್ಲಿ ಬೂಟು ಕಳಚಿಟ್ಟು, ಬಿಗುಮಾನದಿಂದಲೇ ನಾಲ್ಕು ಹಾರೆ ಹಾಕಿದರು. ಬೂದಿ, ಎಲುಬು, ಪಿಂಗಾಣಿ. ಈಗ, ಇವತ್ತೇ, ಇಲ್ಲಿ ಏನೂ ಸಿಗದಿದ್ದರೆ ನಮ್ಮ ಮಾತು ಸುಳ್ಳು, ನಮ್ಮವರ ಚುಕ್ಕಾಣಿಯೂ ಸುಳ್ಳು. ಅವರು ಹಾರೆ ಊರಿ ನಿಂತು ಬೆವರೊರೆಸಿಕೊಂಡರು. ಮತ್ತೊಮ್ಮೆ ಹಾಕಿದರು. ಟಿಣ್.

ಆ ಸದ್ದಿಗೆ ಮನುಷ್ಯನ ಮೈಯೇ ಬದಲಾಯಿತು. ಬೆನ್ನು ಬಗ್ಗಿತು, ಕಣ್ಣು ಅರಳಿತು. “ಹ್ವಾಯ್, ಇಲ್ಲೊಂದ್ ಇತ್ತ್” ಎಂದು ನಮ್ಮನ್ನು ಹತ್ತಿರ ಕರೆದರು. ಹಾರೆಯನ್ನು ಅದರಡಿಗೆ ತೂರಿಸಿ ಮೀಟಲು ಹೊರಟದ್ದು ಕಂಡು ನಾನು ಎಲ್ಲ ಮರೆತೆ. ಪೊಲೀಸು, ಮಂಜಿ, ಸಾಹುಕಾರರು ಒಂದೂ ನೆನಪಿರಲಿಲ್ಲ.

“ಹಾರೆ ಹಾಕ್ಬೇಡಿ, ಒಡಿತ್ತ್” ಎಂದು ಗದರಿಸಿಯೇಬಿಟ್ಟೆ.

ಅವರು ಹಾರೆ ಬಿಟ್ಟು ಮೊಣಕಾಲೂರಿದರು. ಅತ್ತೆ ಗೆರಟೆ ಕೊಟ್ಟರು. ಮೂವರೂ ಆ ಗುಂಡಿಗೆ ತಲೆ ಕೊಟ್ಟು ಕೆದಕಿದೆವು. ಬಂತು ಒಂದು ಚೌಕ ಬಾಟಲಿ, ಬಾಯಿಯಿಂದ ಒಳಕ್ಕೆ ಮುಂಡುಕದ ಬೇರು ಇಳಿದು, ಹೊಟ್ಟೆ ತುಂಬ ಗಟ್ಟಿ ಮಣ್ಣು ಕಟ್ಟಿಕೊಂಡು. ಇದಕ್ಕಿಂತ ಸಾಕ್ಷಿ ಬೇರೆ ಬೇಕೇ? ಅವರಿಗೆ ಅಲ್ಲಿಗೆ ಕೆಲಸ ಮುಗಿದಿತ್ತು. ಆದರೆ ಎದ್ದರೆ ತಾನೆ! ಇನ್ನೊಂದು, ಇದೊಂದು ನೋಡಿಬಿಡುವ ಎಂದು ಅಗೆಯುತ್ತಲೇ ಹೋದರು. ಗೋಲಿ ಸೋಡಾದ ಬಾಟಲಿ ಸಿಕ್ಕಾಗ ಅದನ್ನು ಕುಲುಕಿ ಕುಲುಕಿ ಕೇಳಿದರು.

ಅಷ್ಟರಲ್ಲಿ ಅವರ ಕೈಗೆ ಇನ್ನೊಂದು ಬಂತು. ಎತ್ತಿದ ಕೂಡಲೇ ಮೂವರಿಗೂ ಗೊತ್ತಾಯಿತು, ಅದು ಭಾರವಾಗಿತ್ತು. ಬೂಚು ಇತ್ತು, ಬೂಚಿನ ಮೇಲೆ ಅರಗು ಹಾಗೇ ಇತ್ತು. ಅಲುಗಿಸಿದರೆ ಒಳಗೆ ‘ಗುಳು’ ಎಂದಿತು. ಪಾನನಿರೋಧದ ಜಿಲ್ಲೆಯಲ್ಲಿ, ಹಾಡುಹಗಲಲ್ಲಿ, ತುಂಬಿದ ವಿಲಾಯತಿ ಬಾಟಲಿ! ನಾನು ಅತ್ತೆಯ ಸೆರಗು ಹಿಡಿದುಕೊಂಡೆ. ಖಾಲಿಯವಕ್ಕೇ ಇಷ್ಟು ರಾದ್ಧಾಂತವಾದರೆ ತುಂಬಿದ್ದಕ್ಕೆ ಜೈಲೇ ಸೈ. ಪೊಲೀಸಿನವರು ಬಾಟಲಿಯನ್ನೊಮ್ಮೆ, ನಮ್ಮನ್ನೊಮ್ಮೆ ನೋಡಿದರು. ಅತ್ತೆ ನಿಧಾನವಾಗಿ ಕೈಯ ಮಣ್ಣು ಕೊಡವಿಕೊಂಡು ಹೇಳಿದರು:

“ಅದನ್ನ್ ತೆಗ್ದದ್ದ್ ನಾವಲ್ಲ. ನೀವ್.”

ಪೊಲೀಸಿನವರು ಬಾಟಲಿಯನ್ನು ತಿರುಗಿಸಿ ಅರಗು ನೋಡಿದರು. ತಾನೇ ಅಗೆದು ತಾನೇ ಹಿಡಿದೆನೆಂದು ಠಾಣೆಯಲ್ಲಿ ಬರೆಸುವುದು ಹೇಗೆ? ಕಡೆಗೆ ನೀರಿನಂಚಿಗೆ ಹೋಗಿ, ಚೂರಿಯಿಂದ ಬೂಚು ಕಿತ್ತರು. ಎಂಥ ವಾಸನೆ ಎದ್ದಿತೆಂದರೆ ನನಗೆ ದೂರದಲ್ಲೇ ತಲೆ ತಿರುಗಿತು. ಅವರು ಮುಖ ಆಚೆ ತಿರುಗಿಸಿ ಅಷ್ಟನ್ನೂ ಹೊಳೆಗೆ ಸುರಿದರು. ಸುರಿಯುವಾಗ ಒಂದು ಉದ್ದನೆಯ ನಿಟ್ಟುಸಿರು ಬಿಟ್ಟದ್ದನ್ನು ನಾನು ಕೇಳಿದೆ. ಖಾಲಿಯಾದದ್ದನ್ನು ಅತ್ತೆಯ ಕೈಗಿತ್ತು, ಬೂಟು ಹಾಕಿಕೊಂಡು, ಇನ್ನು ಮೇಲೆ ಇವನ್ನು ತೊಳೆಯಬೇಡಿ, ಮಣ್ಣು ಇದ್ದ ಹಾಗೇ ಇರಲಿ ಎಂದು ಬುದ್ಧಿ ಹೇಳಿ ಹೋದರು. ಸೋಡಾ ಬಾಟಲಿ ಮಾತ್ರ ಅವರ ಚಡ್ಡಿಯ ಜೇಬಿನಲ್ಲಿ ಹೋಯಿತು. ಅತ್ತೆ ನೋಡಿಯೂ ನೋಡದಂತಿದ್ದರು.

ಆಮೇಲಿನ ದಿನಗಳು ಕಠಿಣವಾಗಿದ್ದವು. ಪೊಲೀಸಿನವರು ಸಾಹುಕಾರರಿಗೆ ಏನು ಹೇಳಿದರೋ ತಿಳಿಯದು, ಹೋಗಿ ಕೇಳುವ ಧೈರ್ಯವಿಲ್ಲ. ಮಳೆಗಾಲಕ್ಕೆ ಕಡಲು ಕೆಡುವ ಮುಂಚೆ ಮಂಜಿಗಳು ಒಂದೊಂದೇ ಮರಳಿದವು. ನಮ್ಮವರು ದಕ್ಕೆಯಲ್ಲಿ ಇಳಿದವರು ನೇರ ಸಾಹುಕಾರರಲ್ಲಿಗೆ ಹೋಗಿ, ಆಮೇಲೆ ಮನೆಗೆ ಬಂದರು. ಬಂದು, ಜಗಲಿಯ ಬಾಟಲಿಗಳನ್ನು ನೋಡಿ, ನಮ್ಮಿಬ್ಬರ ಮುಖ ನೋಡಿ, ನಗು ತಡೆಯಲಾರದೆ ಕೂತುಬಿಟ್ಟರು. ಸಾಹುಕಾರರು ಹೇಳಿದ್ದನ್ನು ಅವರ ದನಿಯಲ್ಲೇ ಹೇಳಿ ತೋರಿಸಿದರು.

“ನಿನ್ ಮನೆಯಗೆ ಕಳ್ಳಮಾಲ್ ಎಂತದೂ ಇಲ್ಲಂಬ್ರ್ ಮಾರಾಯ. ಎರಡ್ ಮರ್ಲ್ ಹೆಂಗ್ಸ್ರ್ ಇದ್ರಂಬ್ರ್, ಅಷ್ಟೇ. ಮಳಿ ಕಳ್ದ್ ಮೇಲೆ ಮಂಜಿ ನೀನೇ ತಕಂಡ್ ಹೋಗ್.”

ಮರ್ಲು ಅಂದರೆ ನಮ್ಮಲ್ಲಿ ಹುಚ್ಚು. ಹುಚ್ಚಿಯೆಂದು ಕರೆಸಿಕೊಂಡು ಅಷ್ಟು ಹಿಗ್ಗಿದವರು ಲೋಕದಲ್ಲಿ ನಾವಿಬ್ಬರೇ ಇರಬೇಕು. ನಾನು ಅತ್ತೆಯನ್ನು ತಬ್ಬಿಕೊಂಡೆ. ಅವರು ಬೈಯಲಿಲ್ಲ.

ಮಳೆ ಕಳೆದು, ಕಡಲಿಗೆ ಹಾಲು ಎರೆದು, ಮಂಜಿ ಹೊರಡುವ ದಿನ ಬಂತು. ಮಾವ ತೀರಿದ ಮೇಲೆ ಅತ್ತೆ ಯಾವ ಮಂಜಿಯನ್ನೂ ಬೀಳ್ಕೊಡಲು ಹೋದವರಲ್ಲ. ಆ ದಿನ ನನಗಿಂತ ಮುಂಚೆ ದಕ್ಕೆಯಲ್ಲಿದ್ದರು. ಹಗ್ಗ ಬಿಚ್ಚಿದರು. ನಮ್ಮವರು ಚುಕ್ಕಾಣಿಯ ಮೇಲೆ ಕೈಯಿಟ್ಟು ನಿಂತರು. ಅತ್ತೆಗೆ ಕೂಗು ನಾಲಗೆ ತುದಿಗೆ ಬಂದದ್ದು ನನಗೆ ಕಾಣುತ್ತಿತ್ತು, ಆದರೆ ಹೊರಟವರನ್ನು ಹಿಂದಿನಿಂದ ಕರೆಯಬಾರದು, ಅದು ಅಪಶಕುನ. ಅವರು ತುಟಿ ಕಚ್ಚಿಕೊಂಡರು. ಆಮೇಲೆ ಸೀರೆ ಎತ್ತಿ ಕಟ್ಟಿ, ಹೊಳೆಯ ದಂಡೆಗುಂಟ ಓಡತೊಡಗಿದರು. ಗಾಳಿಯಿಲ್ಲದೆ ಮಂಜಿ ಇಳಿತದ ನೀರಿನಲ್ಲಿ ಮೆಲ್ಲಗೆ ಸಾಗುತ್ತಿತ್ತು. ನಾನೂ ಹಿಂದೆಯೇ ಓಡಿದೆ. ಮರಳ ದಿಣ್ಣೆ ಚಾಚಿದ ಕೋಡಿಯ ತುದಿಯವರೆಗೆ, ಹೊಳೆ ಕಡಲು ಸೇರುವ ಅಳಿವೆಯವರೆಗೆ, ಮರಳಿನಲ್ಲಿ ಬೀಳುತ್ತ ಏಳುತ್ತ ಹೋಗಿ ಮಂಜಿಗೆ ಎದುರಾಗಿ ನಿಂತೆವು. ಅದು ನಮ್ಮ ಕಡೆಗೇ ಬರುತ್ತಿತ್ತು, ಈಗ ಕೂಗಬಹುದಿತ್ತು. ಅತ್ತೆ ಏದುಸಿರಿನಲ್ಲೇ ಎರಡೂ ಕೈ ಎತ್ತಿ, ತಾನು ಹೆತ್ತ ಮಗನನ್ನು, ಅಲ್ಲಿಯವರೆಗೆ ಏಕವಚನದಲ್ಲೇ ಕರೆದ ಮಗನನ್ನು ಕೂಗಿದರು:

“ಹ್ವಾಯ್ ತಂಡೇಲ್ರೇ, ಜಾಗ್ರತೆ ಹೋಯ್ ಬನ್ನಿ.”