ಮಗ್ಗ ನಿಂತ ಓಣಿಯಲ್ಲಿ ಬಿ.ಎ. ಓದು

ಹೋದ ವಾರ ಬನಹಟ್ಟಿಯಲ್ಲಿ ಸರ್ವಿಸ್ ಮೋಟಾರು ಇಳಿದು ತಂಗಿಯ ಓಣಿಗೆ ಕಾಲಿಟ್ಟೆ. ಮಟಮಟ ಮಧ್ಯಾಹ್ನ, ಒಂದು ಮಗ್ಗದ ಸಪ್ಪಳವೂ ಇಲ್ಲ! ನೇಕಾರರ ಓಣಿ ಹೀಗೆ ಸುಮ್ಮನಾಗುವುದು ಯಾರಾದರೂ ತೀರಿಕೊಂಡಾಗ. ಯಾರು ಹೋದರು?

ಯಾರೂ ಹೋಗಿರಲಿಲ್ಲ. ಬಾಗಿಲಲ್ಲಿದ್ದ ತಂಗಿ ಗಂಗವ್ವ ತುಟಿಯ ಮೇಲೆ ಬೆರಳಿಟ್ಟು, "ಸಾವಕಾಶ ಮಾತಾಡೋ ಯಣ್ಣಾ, ಈರಣ್ಣ ಓದಾಕತ್ತಾನ" ಎಂದಳು.

ಈರಣ್ಣ ಅವಳ ಒಬ್ಬನೇ ಮಗ. ಪುಣೆಯ ಕಾಲೇಜಿನಲ್ಲಿ ಬಿ.ಎ. ಕಡೆಯ ವರ್ಷ. (ಆ ಓಣಿಯಲ್ಲಿ ಮ್ಯಾಟ್ರಿಕ್ ದಾಟಿದವನೇ ಅವನೊಬ್ಬ.) ಪರೀಕ್ಷೆಗೆ ಓದಲು ಊರಿಗೆ ಬಂದಿದ್ದಾನೆ. ಅವನಿಗೆ ತೊಂದರೆಯಾಗಬಾರದೆಂದು ಗಂಗವ್ವ ಮನೆಯ ಮಗ್ಗ ನಿಲ್ಲಿಸಿದಳು. ಅವಳನ್ನು ನೋಡಿ ನೆರೆಯವರು, ಅವರನ್ನು ನೋಡಿ ಇಡೀ ಓಣಿ. ಎಂಥ ಪ್ರೀತಿ ನೋಡಿ!

ಒಳಗೆ ಹೋಗಿ ಹುಡುಗನನ್ನು ನೋಡಿದರೆ ಗಾಬರಿಯಾಯಿತು. ಗಲ್ಲಗಳು ಒಳಗೆ ಹೋಗಿವೆ. ಉಗುರು ಕಚ್ಚಿ ಕಚ್ಚಿ ರಕ್ತ ಬಂದಿದೆ. ತಾಟಿನಲ್ಲಿ ರೊಟ್ಟಿ ಹಾಗೇ ಇದೆ. ಲಾಜಿಕ್ ಪುಸ್ತಕ ತೆರೆದಿದೆ, ಕಣ್ಣು ಮಾತ್ರ ಬಾಗಿಲ ಕಡೆ.

"ಯಾಕಲೇ?" ಎಂದೆ.

"ಮಾಮಾ, ಒಂದಕ್ಷರ ತಲಿಗಿ ಹತ್ತವಲ್ದು. ಹೊರಗ ಕೆಮ್ಮು ಬಂದ್ರೂ ತಡಕೊಂಡು ಕುಂತಾರ. ಇಷ್ಟು ಮಂದಿ ಕೆಲಸಾ ಬಿಟ್ಟಾರ, ನಾ ಫೇಲಾದ್ರ ಯಾವ ಮಾರಿ ತಗೊಂಡು ಅಡ್ಡಾಡ್ಲಿ?"

ಕಾಲೇಜಿನ ಮೆಟ್ಟಿಲು ಹತ್ತದ ನಾನು ಏನು ಹೇಳಲಿ? "ಧೈರ್ಯಾ ತಗೋ" ಎಂದೆ. (ಏನೂ ತಿಳಿಯದವರು ಹೇಳುವ ಮಾತು ಅದೊಂದೇ.) ಮಕ್ಕಳನ್ನು ಕಾಲೇಜಿಗೆ ಕಳಿಸುತ್ತೇವೆ, ಅವರ ಬೆನ್ನ ಮೇಲೆ ಇಡೀ ಓಣಿಯನ್ನೂ ಕೂಡಿಸಿ ಕಳಿಸುತ್ತೇವೆ. ಆಮೇಲೆ ಹುಡುಗ ಯಾಕೆ ಸೊರಗಿದ ಎಂದು ಕೇಳುತ್ತೇವೆ.

ಈರಣ್ಣ ಥಟ್ಟನೆ ಎದ್ದ. ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯತೊಡಗಿದ. ಗಂಗವ್ವ ಓಡಿ ಬಂದಳು.

"ಬ್ಯಾಡೋ ತಮ್ಮಾ, ಓದ ಹೋಗು!"

"ಯವ್ವಾ, ಈ ಸಪ್ಪಳದಾಗನ ಮ್ಯಾಟ್ರಿಕ್ ಪಾಸಾದಾಂವ ನಾ. ನಿನಗ ಕೈ ಮುಗೀತೇನಿ, ಎಲ್ಲಾರ್ಗೂ ನೇಯಾಕ ಹೇಳು."

ಸಪ್ಪಳ ಕೇಳಿ ಪಕ್ಕದ ಮನೆಯ ಮಗ್ಗ ಶುರುವಾಯಿತು. ಆಮೇಲೆ ಎದುರಿನದು. ಸ್ವಲ್ಪ ಹೊತ್ತಿಗೆ ಓಣಿ ತುಂಬ ಲಟಪಟ. ಈರಣ್ಣ ಮಗ್ಗವನ್ನು ತಾಯಿಗೆ ಬಿಟ್ಟು, ಆರಿದ ರೊಟ್ಟಿ ಮುರಿದುಕೊಂಡು, ಗಟ್ಟಿಯಾಗಿ ಲಾಜಿಕ್ ಓದತೊಡಗಿದ. ಅಬ್ಬಾ, ಹೋದ ಜೀವ ಬಂತು!

ಸಂಜೆ ಗಂಗವ್ವ ಮೋಟಾರಿನ ತನಕ ಕಳಿಸಲು ಬಂದಳು. ಮುಖದಲ್ಲಿ ನಗುವಿತ್ತು. ಮೋಟಾರು ಹೊರಡುವಾಗ ಆ ನಗು ಮಾಯವಾಯಿತು. ಕಿಟಕಿ ಹಿಡಿದು ಕೇಳಿದಳು.

"ಯಣ್ಣಾ, ಪುಣೇದಾಗ ಪರೀಕ್ಷಾ ಬರಿಯೋ ಖೋಲ್ಯಾಗ ಸಪ್ಪಳ ಇರ್ತೈತೋ, ಇಲ್ಲೋ?"