ಬೆರಳು ತೋರಿಸಿ, ಬಾಯಿಬಿಟ್ಟು ಹೇಳು

ಸಿಯಾಟಲ್‌ನ ಲೈಟ್ ರೈಲಿನ ಹಳೆಯ ಬೋಗಿಗಳು ಜಪಾನಿನ ಕಾರ್ಖಾನೆಯವು. ಅವುಗಳ ಬಾಗಿಲು, ಬ್ರೇಕುಗಳನ್ನು ಪರೀಕ್ಷಿಸುವ ಸಣ್ಣ ಕಂಪನಿಯೊಂದರಲ್ಲಿ ನಾನು ಎಂಜಿನಿಯರ್. ನನಗೆ ಕೆಲಸ ಕಲಿಸಿದ ಹಿರಿಯರು ಆ ಬೋಗಿಗಳ ಜೊತೆಗೇ ಜಪಾನಿನಿಂದ ಬಂದು ಇಲ್ಲೇ ಉಳಿದವರು. ಬಾಗಿಲು ಮುಚ್ಚಿದೆಯೇ ಎಂದು ಕಣ್ಣಲ್ಲಿ ನೋಡಿದರೆ ಅವರಿಗೆ ಸಾಲದು. ಕೈ ಚಾಚಿ ಬೆರಳು ತೋರಿಸಬೇಕು, "ಮುಚ್ಚಿದೆ" ಎಂದು ಗಟ್ಟಿಯಾಗಿ ಹೇಳಬೇಕು. ಉಗಿಬಂಡಿಯ ಕಾಲದಲ್ಲಿ ಕಣ್ಣು ಮಂಜಾಗುತ್ತಿದ್ದ ಚಾಲಕನೊಬ್ಬ ಪಕ್ಕದವನಿಗೆ ಸಿಗ್ನಲ್ಲನ್ನು ಕೂಗಿ ಹೇಳಿ ಖಚಿತಪಡಿಸಿಕೊಳ್ಳುತ್ತಿದ್ದನಂತೆ. ಪದ್ಧತಿ ಅಲ್ಲಿಂದ ಬಂತು ಎನ್ನುತ್ತಾರೆ. ಜಪಾನಿನ ರೈಲುಗಳಲ್ಲಿ ಅದು ಇಂದಿಗೂ ಹೋಗಿಲ್ಲ.

"ದನಿ ಕೇಳಿಸದಿದ್ದರೆ ನೋಡಿಲ್ಲ ಅಂತಲೇ ಅರ್ಥ," ಎನ್ನುತ್ತಿದ್ದರು ಅವರು.

ಆ ಅಭ್ಯಾಸ ಸಿಯಾಟಲ್ ಹೊರವಲಯದ ಸಮಾಮಿಶ್‌ನ ನಮ್ಮ ಮನೆಗೂ ಬಂತು. ಹೊರಡುವ ಮುಂಚೆ ಸ್ಟೋವಿನತ್ತ ಬೆರಳು ತೋರಿಸಿ "ಆಫ್" ಎನ್ನುತ್ತಿದ್ದೆ. ಬಾಗಲಕೋಟೆಯಿಂದ ಬಂದಿದ್ದ ಅತ್ತೆಗೆ ನಗು.

"ಏನವ್ವಾ, ಎಳಿ ಕುಂಬಳಕಾಯಿಗೆ ಬೆರಳ ತೋರಿಸಿದ್ರ ಕೊಳೀತಾವ ಅಂತಾರ. ಪುಣ್ಯಾಕ್ಕ ಒಲಿ ಕೊಳಿಯೂದಿಲ್ಲ!"

ಆ ವರ್ಷ ಕಂಪನಿ ಒಬ್ಬರನ್ನು ಆರು ತಿಂಗಳು ಜಪಾನಿನ ಕಾರ್ಖಾನೆಗೆ ಕಳಿಸುವುದಿತ್ತು. ಹಿರಿಯರು ನನ್ನನ್ನು ಸೂಚಿಸಿದ್ದರು. ಬೋಗಿಯೊಂದು ಮೊದಲ ತಗಡಿನಿಂದ ಎದ್ದು ನಿಲ್ಲುವುದನ್ನು ನೋಡಬೇಕೆಂದು ಮೈಸೂರಿನಲ್ಲಿ ಓದುವಾಗಲೇ ಆಸೆಪಟ್ಟವಳು ನಾನು. ಗಂಡ "ಹೋಗಿ ಬಾ" ಎಂದಿದ್ದ. ಖುಷಿಗೆ ಹಿರಿಯರನ್ನು ಊಟಕ್ಕೆ ಕರೆದೆವು.

ಜೋಳದ ರೊಟ್ಟಿ ಮುರಿಯುತ್ತ ಅವರು ತಮ್ಮ ದೇಶದ ರೈಲಿನ ಕತೆ ಹೇಳಿದರು. ಮೊದಲ ಎಂಜಿನುಗಳು ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದವು. ಅವನ್ನು ಬಿಚ್ಚಿ, ಜೋಡಿಸಿ, ರಿಪೇರಿ ಮಾಡುತ್ತಲೇ ಜಪಾನಿನವರು ತಾವೇ ಕಟ್ಟುವುದನ್ನು ಕಲಿತರು. ಮುಂದೆ ಬುಲೆಟ್ ರೈಲು ಮಾಡುವಾಗ, ಒಂದೇ ಎಂಜಿನ್ ಎಲ್ಲವನ್ನೂ ಎಳೆಯುವುದನ್ನು ಬಿಟ್ಟು ಬೋಗಿ ಬೋಗಿಗೂ ಮೋಟಾರು ಕೂರಿಸಿದರು.

"ಹಂಗಾದ್ರ ಎಳಿಯಾವ್ರು ಯಾರು, ಎಳಿಸ್ಕೊಳ್ಳಾವ್ರು ಯಾರು?" ಎಂದರು ಅತ್ತೆ. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಎಲ್ಲರೂ ನಕ್ಕರು.

ಆ ನಗು ಮುಗಿಯುವ ಮೊದಲೇ ಗಂಡ ಬಹಳ ವಿನಯದಿಂದ, ಈ ವರ್ಷ ಇವಳಿಗೆ ಜಪಾನಿಗೆ ಹೋಗಲಾಗುವುದಿಲ್ಲ, ನಾವು ಮಗುವಿನ ಯೋಚನೆಯಲ್ಲಿದ್ದೇವೆ ಎಂದ. ನನ್ನ ಹತ್ತಿರ ಆ ಮಾತೇ ಆಡಿರಲಿಲ್ಲ.

ಹಿರಿಯರು ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗಿಟ್ಟು ನನ್ನನ್ನು ನೋಡಿದರು. ಕಾಯುತ್ತಿದ್ದರು. ಹೊರಗಿನವರೆದುರು ಗಂಡನ ಮಾತು ತೆಗೆದುಹಾಕಬಾರದು ಎಂದು ಕೇಳಿಕೊಂಡೇ ಬೆಳೆದವಳು ನಾನು. ಎಣ್ಣೆಗಾಯಿ ಬಡಿಸಿದೆ.

ಅವರನ್ನು ಕಳಿಸಿ ಬಂದು, "ಮೊದ್ಲೇ ನನ್ನ ಕೇಳ್ಬಹುದಿತ್ತಲ್ವಾ?" ಎಂದೆ.

"ನೀ ಏನೂ ಅನ್ನಲಿಲ್ಲಲಾ? ಒಪ್ಪಿಗಿ ಐತಿ ಅನ್ಕೊಂಡೆ."

ಸೋಮವಾರ ಹಿರಿಯರೂ ಅದನ್ನೇ ಹೇಳಿದರು, ಬೇರೆ ರೀತಿಯಲ್ಲಿ: "ನಿನ್ನ ದನಿ ಕೇಳಿಸಲಿಲ್ಲ." ಜಪಾನಿಗೆ ಇನ್ನೊಬ್ಬ ಹೋದ. ಬಣ್ಣ ಬಳಿಯದ ಬೋಗಿಗಳ ಫೋಟೋ ಕಳಿಸುತ್ತಾನೆ. ಮಗುವಿನ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಮತ್ತೆ ಎತ್ತಿಲ್ಲ.

ಅತ್ತೆ ಊರಿಗೆ ಮರಳಿದ ಮೇಲೆ ಒಂದು ಭಾನುವಾರ, ಮನೆಗೆ ಬೀಗ ಹಾಕಿ ಇಬ್ಬರೂ ಬೆಲ್ವ್ಯೂಗೆ ಹೊರಟಿದ್ದೆವು. ಅರ್ಧ ದಾರಿಯಲ್ಲಿ ಗಂಡ ಕೇಳಿದ: "ಸ್ಟೋವ್ ಆಫ್ ಮಾಡೀದಿ ಇಲ್ಲೋ?"

ಮಾಡಿದ್ದೆ. ಬೆರಳು ತೋರಿಸಿ, ಬಾಯಿಬಿಟ್ಟು ಹೇಳಿಯೂ ಇದ್ದೆ.

"ಏ, ನಿನ್ನೇ ಕೇಳಾಕತ್ತೇನಿ."

ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಮುಂದಿನ ಎಕ್ಸಿಟ್‌ನಲ್ಲಿ ಹೆದ್ದಾರಿಯಿಂದ ಇಳಿದು ಅವನು ಕಾರನ್ನು ಮನೆಯತ್ತ ತಿರುಗಿಸಿದ.